ಮಳೆಗಾಲದಲ್ಲಿ ಆಯಿಲ್ ಬಣ್ಣ ಒಣಗೋಲ್ಲ, ನನಗೆ ಬೇಕಾಗಿದ್ದೂ ಅದೇ

ಮಲೆನಾಡಿನ ಮಳೆಗಾಲದಲ್ಲಿ ಆಯಿಲ್ ಬಣ್ಣ ಹಿಡಿಯಬೇಡ ಅಂತ ನನಗೆ ಹೇಳದವರಿಲ್ಲ. ಒಣಗೋಲ್ಲ, ಬೂಸಲು ಬರುತ್ತೆ, ಸುಮ್ನೆ ದುಡ್ಡು ದಂಡ, ಬೇಗ ಒಣಗುವ ಅಕ್ರಿಲಿಕ್ ತಗೋ. ಸಮಾಧಾನ ಬೇಕಿದ್ದರೆ ಪ್ರಾಣಾಯಾಮ ಮಾಡು, ಹೊಳೆ, ಹಿನ್ನೀರು ಅಂತ ನೀರನ್ನೇ ಚಿತ್ರ ಬರೆದು ಯಾರಿಗೆ ನಿದ್ದೆ ಬಂದಿದೆ ಮಾರಾಯ ಅಂತ ಮಂಡಿಯ ಗೆಳೆಯರು ನಕ್ಕರು. ನನಗೆ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಸೀಸನ್ ಬಂತು ಅಂದ್ರೆ ಮನೆ ಸೇರುವಾಗ ರಾತ್ರಿ ಒಂಬತ್ತು. ಮಲಗಿದ ಮೇಲೂ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆ ತರಗಳ ದರಪಟ್ಟಿ ತಲೆಯೊಳಗೆ ಓಡುತ್ತಿತ್ತು. ಬಿಪಿ ನೂರೈವತ್ತರ ಮೇಲೆ ಹೋಗಿ ಡಾಕ್ಟರು ಮಾತ್ರೆ ಬರೆದರು. ಮಾತ್ರೆ ಈಗಲೂ ತಗೊಳ್ತೀನಿ, ಚಿತ್ರ ಬರೆದು ಮಾತ್ರೆ ಬಿಟ್ಟೆ ಅಂತ ಯಾರೂ ತಿಳಿಯಬೇಡಿ.

ಶುರುವಿಗೆ ಹೋಗಿದ್ದು ಜೋಗಕ್ಕೆ. ನೀರು ಅಂದ್ರೆ ಜೋಗ ತಾನೇ! 253 ಮೀಟರ್ ಬೀಳುವ ನೀರನ್ನು ಹದಿನೆಂಟು ಇಂಚಿನ ಕ್ಯಾನ್ವಾಸಿಗೆ ಇಳಿಸೋಕೆ ಹೊರಟರೆ ಸಮಾಧಾನ ಎಲ್ಲಿಂದ ಬರಬೇಕು? ಆಗಸ್ಟಿನಲ್ಲಿ ಮಂಜು ಒಮ್ಮೆ ಮುಚ್ಚಿದರೆ ರಾಜಾ ಯಾವುದು, ರಾಕೆಟ್ ಯಾವುದು ಗೊತ್ತಾಗೋಲ್ಲ. ಮಂಜು ಸರಿಯುವಷ್ಟರಲ್ಲಿ ಪ್ಯಾಲೆಟ್ ಮೇಲೆ ಮಳೆನೀರು. ಬೀಳುವ ನೀರು ಬರೆಯುವಾಗ ಕೈಗೆ ಅವಸರ ಅಂಟಿಕೊಳ್ಳುತ್ತೆ, ಬೇಕಾದರೆ ನೀವೇ ಬರೆದು ನೋಡಿ. ಬರೀ ಬಿಳಿ ಬಣ್ಣವೇ ಎರಡು ದೊಡ್ಡ ಟ್ಯೂಬ್ ಖಾಲಿಯಾಯಿತು. ಅದೂ ಹೊರದೇಶದ ಬ್ರ್ಯಾಂಡು. ಆ ವರ್ಷ ಬಣ್ಣ, ಕುಂಚ, ಈಸೆಲ್ ಎಲ್ಲ ಸೇರಿ ಹನ್ನೊಂದು ಸಾವಿರದ ಹತ್ತಿರ ಹೋಗಿರಬೇಕು. ಮನೆಯಲ್ಲಿ ಐದು ಅಂತ ಹೇಳಿದ್ದೆ.

ಆಮೇಲೆ ಎಲ್ಲರ ಮಾತು ಕೇಳಿ ಅಕ್ರಿಲಿಕ್. ಗಾಜನೂರು ಡ್ಯಾಮಿನ ಹಿನ್ನೀರಿಗೆ ಹೋಗಿ ಕೂತೆ, ಊರಿಂದ ಹತ್ತು-ಹನ್ನೆರಡು ಕಿಲೋಮೀಟರ್. ನೀರು ನಿಂತಿತ್ತು, ಜಾಗ ಸರಿಯಾಗಿತ್ತು, ಬಣ್ಣ ಮಾತ್ರ ಸರಿಯಿರಲಿಲ್ಲ. ಮರದ ನೆರಳಿನ ಅಂಚನ್ನು ನೀರೊಳಗೆ ಕರಗಿಸಬೇಕು ಅನ್ನುವಷ್ಟರಲ್ಲಿ ಅದು ಗಟ್ಟಿಯಾಗಿ ಕೂತಿರುತ್ತಿತ್ತು. ಬೇಗ ಒಣಗಿಸುವ ಅಲ್ಕಿಡ್ ಮೀಡಿಯಂ ಹಾಕಿದ ಆಯಿಲ್ಲೂ ನೋಡಿದೆ. ರಾತ್ರಿ ಬರೆದದ್ದು ಮಾರನೇ ದಿನಕ್ಕೆ ಅಂಟು ಅಂಟು. ಒಣಗುವುದರೊಳಗೆ ಮುಗಿಸಬೇಕು ಅನ್ನೋ ಹೆದರಿಕೆ ಇದ್ದರೆ ಅದು ಮಂಡಿಯ ಕೆಲಸವೇ ಆಯಿತಲ್ಲ.

ಕೊನೆಗೆ ಮಾಮೂಲಿ ಆಯಿಲ್ ಬಣ್ಣದ ಲಿನ್ಸೀಡ್ ಎಣ್ಣೆಗೇ, ಅಂದ್ರೆ ಅಗಸೆ ಎಣ್ಣೆಗೇ, ವಾಪಸ್ ಬಂದೆ. ಅದು ಗಾಳಿಯ ಆಕ್ಸಿಜನ್ ಎಳೆದುಕೊಂಡು ಗಟ್ಟಿಯಾಗುವ ಎಣ್ಣೆ, ತಂಡಿಯಲ್ಲಿ ಇನ್ನೂ ನಿಧಾನ. ಜುಲೈನಲ್ಲಿ ನಮ್ಮ ಮನೆಯಲ್ಲಿ ಎಂಟು-ಹತ್ತು ದಿನ ಹಸಿಯಾಗಿಯೇ ಇರುತ್ತೆ. ಎಲ್ಲರೂ ಬೈಯುವುದು ಇದನ್ನೇ. ನನಗೆ ದಕ್ಕಿದ್ದೂ ಇದರಿಂದಲೇ. ಇವತ್ತು ಬರೆದದ್ದು ನಾಳೆಯೂ ಹಸಿ, ನಾಡಿದ್ದೂ ಹಸಿ. ಊಟ ಮುಗಿಸಿ ಮುಕ್ಕಾಲು ಗಂಟೆ ಕೂತು ಅದೇ ನೀರನ್ನು ಮತ್ತೆ ಸ್ವಲ್ಪ ಸವರಿ ಏಳುತ್ತೇನೆ. ಇವತ್ತೇ ಮುಗಿಸಬೇಕು ಅನ್ನೋದೇ ಇಲ್ಲ.

ಬಣ್ಣ ನಾಲ್ಕೇ. ಟೈಟೇನಿಯಂ ಬಿಳಿ, ಅಲ್ಟ್ರಾಮರೀನ್ ನೀಲಿ, ಕೆಂಪುಕಂದಿನ ಬರ್ನ್ಟ್ ಸಿಯೆನ್ನಾ, ಮಣ್ಣು ಹಳದಿಯ ಯೆಲ್ಲೋ ಓಕರ್. ಎಲ್ಲ ಕ್ಯಾಮೆಲ್ ಕಂಪನಿಯದ್ದು, ಇದಕ್ಕೆ ಸಾಕು. ಅಂಬರ್ ಅನ್ನೋ ಕಂದು ಬಣ್ಣ ತೆಗೆದುಹಾಕಿದೆ. ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಮಳೆಯಲ್ಲೂ ಮೊದಲು ಒಣಗಿ ಕೂರುತ್ತೆ, ಪಕ್ಕದ್ದು ಹಸಿ, ಇದು ಗಟ್ಟಿ. ಕಪ್ಪು ಬೇಕಾದರೆ ಅಲ್ಟ್ರಾಮರೀನಿಗೆ ಸಿಯೆನ್ನಾ ಬೆರೆಸಿ. ಪ್ರಷ್ಯನ್ ನೀಲಿ ಬೇಡವೇ ಬೇಡ, ಒಂದು ಚುಕ್ಕೆ ಇಡೀ ಪ್ಯಾಲೆಟ್ ನುಂಗುತ್ತೆ. ಅಲ್ಲದೆ ಮಳೆಗಾಲದ ತುಂಗೆಯಲ್ಲಿ ನೀಲಿ ಎಲ್ಲಿದೆ? ನಮ್ಮೂರ ಹೊಳೆಯಲ್ಲಿರುವ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗುವಾಗ ಹೋಗಿ ನೋಡಿ, ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. ಕೆಂಪು ನೀರಿನಲ್ಲಿ ಪ್ರತಿಬಿಂಬದ ಜೊತೆಗೆ ನೆರಳೂ ಮೇಲೆ ಬಿದ್ದು ಕಾಣುತ್ತೆ, ತಿಳಿನೀರಿನಲ್ಲಿ ಹಾಗಿರೋಲ್ಲ. ಎರಡನ್ನೂ ಬೇರೆ ಬೇರೆ ಹಾಕದಿದ್ದರೆ ರಸ್ತೆ ಬರೆದ ಹಾಗೆ ಆಗುತ್ತೆ.

ಮನಸ್ಸು ಇಳಿಯುವುದು ಒಂದೇ ಜಾಗದಲ್ಲಿ. ಮರದ ಕಪ್ಪನ್ನು ನೀರೊಳಗೆ ಮೇಲಿಂದ ಕೆಳಕ್ಕೆ ಎಳೆದಿರುತ್ತೀರಿ. ದಡದಲ್ಲಿ ಎಷ್ಟು ಕಪ್ಪೋ ನೀರಲ್ಲಿ ಅದಕ್ಕಿಂತ ಒಂದು ಕೂದಲೆಳೆ ಕಡಿಮೆ. ಈಗ ಒಂದಿಂಚಿನ ಅಗಲ ಕುಂಚ, ಒಣಗಿದ್ದು, ಎಣ್ಣೆ ಮುಟ್ಟಿಸದ್ದು. ಎಡದಿಂದ ಬಲಕ್ಕೆ ಬರೀ ತೂಕ ತಾಗುವಷ್ಟು ಸವರಿ. ಬಟ್ಟೆಗೆ ಒರೆಸಿ. ಮತ್ತೆ ಸವರಿ, ಮತ್ತೆ ಒರೆಸಿ. ಒರೆಸದೆ ಎರಡನೇ ಸಲ ಎಳೆದರೆ ಕೆಸರು. ಕಪ್ಪಿನ ಅಂಚು ಮೆಲ್ಲಗೆ ಬಿಟ್ಟುಕೊಳ್ಳುತ್ತೆ, ಒಂದು ಹೊತ್ತಿನಲ್ಲಿ ಬಣ್ಣ ಹೋಗಿ ನೀರು ಕಾಣುತ್ತೆ. ಉಸಿರು ತಾನಾಗಿಯೇ ಕುಂಚದ ಜೊತೆ ಹೋಗುತ್ತಿರುತ್ತೆ, ಎಳೆಯುವಾಗ ಬಿಡೋದು, ಒರೆಸುವಾಗ ತಗೊಳ್ಳೋದು. ಪ್ರಾಣಾಯಾಮ ಮಾಡು ಅಂದವರಿಗೆ ಇದನ್ನೇ ತೋರಿಸಿದೆ. ಗೋಡೆ, ಮರ, ಮನುಷ್ಯರ ಮುಖ ಎಲ್ಲ ಬರೆದು ನೋಡಿದ್ದೇನೆ. ಅಲ್ಲಿ ಅಂಚು ಕರಗಿಸಿದರೆ ಚಿತ್ರ ಕೆಡುತ್ತೆ, ನೀರಲ್ಲಿ ಮಾತ್ರ ಕರಗಿಸಿದಷ್ಟೂ ಚೆನ್ನ.

ಈ ಎಣ್ಣೆಗೆ ಇನ್ನೊಂದು ಎಣ್ಣೆಯ ಎರಡು ಹನಿ ಬೀಳುತ್ತೆ, ಹಸಿತನ ಇನ್ನೆರಡು ದಿನ ಹಿಡಿಯೋಕೆ. ಅಡುಗೆಮನೆ ಡಬ್ಬಿಯಲ್ಲಿ ಇರುವ ಸಾಮಾನಿನ ಎಣ್ಣೆಯೇ. ಹೆಸರು, ಅಳತೆ ಹೇಳೋಲ್ಲ, ಹುಡುಕಿಕೊಳ್ಳಿ.

ಬೂಸಲಿನ ವಿಷಯ ನಿಜ. ಕ್ಯಾನ್ವಾಸಿನ ಹಿಂಭಾಗಕ್ಕೆ ಆಷಾಢದಲ್ಲಿ ಹಸಿರು ಪುಡಿ ಹತ್ತಿತು. ಎಂಡಿಎಫ್ ಹಲಗೆ ತಂದೆ, ಅಂಚು ಉಬ್ಬಿತು. ಆಮೇಲೆ ಬೋರ್ಡ್ ಬರೆಯುವ ಅಂಗಡಿಯಲ್ಲಿ ಬಿದ್ದಿದ್ದ ಎಸಿಪಿ ಶೀಟಿನ ತುಂಡು ಕೇಳಿದೆ, ನಾಮಫಲಕಕ್ಕೆ ಹಾಕುವ ಅಲ್ಯೂಮಿನಿಯಂ ಶೀಟು. ತುಂಡಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ ತಗೊಂಡರು. ಮೇಲಿನ ಹೊಳಪು ಹೋಗುವ ಹಾಗೆ ಮರಳು ಕಾಗದದಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಕೋಟ್ ಜೆಸ್ಸೊ, ಚಿತ್ರದ ಕೆಳಗೆ ಹಚ್ಚುವ ಬಿಳಿ ಲೇಪ. ತೇವ ಕುಡಿಯೋಲ್ಲ, ಬಾಗೋಲ್ಲ. ಈಗ ಒಂದು ಚಿತ್ರಕ್ಕೆ ಬಣ್ಣ ಸೇರಿ ನೂರೈವತ್ತು ದಾಟುವುದಿಲ್ಲ. ಈ ಭಾಗದಲ್ಲಿ ಇದನ್ನು ಮೊದಲು ಮಾಡಿದ್ದು ನಾನೇ ಇರಬೇಕು, ಬೇರೆ ಯಾರಾದರೂ ಇದ್ದರೆ ಜಗಳಕ್ಕೆ ಬರಲಿ.

ನಡುವೆ ಅಡಿಕೆ ಚೊಗರನ್ನೂ, ಅಂದ್ರೆ ಅಡಿಕೆ ಬೇಯಿಸಿದ ಕೆಂಪು ನೀರನ್ನೂ, ಹಚ್ಚಿ ನೋಡಿದೆ. ಬಿಳಿ ನೆಲದ ಮೇಲೆ ಕೆಂಪುಕಂದು ಎಷ್ಟು ಚಂದ ಹಿಡಿಯಿತು ಅಂದ್ರೆ ಎರಡು ದಿನ ಚಿತ್ರವನ್ನೇ ಬರೆಯಲಿಲ್ಲ, ನೋಡುತ್ತಾ ಕೂತೆ. ಬರೆದ ಮೇಲೆ ಬಿಳಿ ಇದ್ದಲ್ಲೆಲ್ಲ ಕಲೆ ಮೇಲಕ್ಕೆ ಬಂತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಚಿತ್ರ ಹೊಗೆ ಹಿಡಿದು ಬಜ್ಜಿ ಬಣ್ಣ. ಕತ್ತಲೆ ಕೋಣೆಯಲ್ಲಿ ಇಟ್ಟದ್ದು ಹಳದಿಯಾಯಿತು, ಆದರೆ ಲಿನ್ಸೀಡಿನ ಹಳದಿ ಬೆಳಕಿಗೆ ಇಟ್ಟರೆ ಸಾಕಷ್ಟು ಇಳಿಯುತ್ತೆ, ಗಾಬರಿ ಬೇಡ. ಎಣ್ಣೆ ಒರೆಸಿದ ಬಟ್ಟೆ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ಜಾತಿ ಅದು. ಅಡಿಕೆ ಸಿಪ್ಪೆ ಇರುವ ಮನೆಗಳಲ್ಲಂತೂ ನೀರಲ್ಲಿ ನೆನೆಸಿ, ಹೊರಗೆ ಹರಡಿ.

ಎಷ್ಟು ಸಲ ಅದೇ ಗಾಜನೂರು ಬರೆಯುತ್ತೀಯ ಅಂತ ಕೇಳುವವರು ಈಗಲೂ ಇದ್ದಾರೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಜೀವೆರ್ನಿಯ ತನ್ನ ಮನೆಯ ಕೊಳವನ್ನೇ ಇನ್ನೂರೈವತ್ತರ ಹತ್ತಿರ ಬರೆದ, 1926ರಲ್ಲಿ ಸಾಯುವವರೆಗೂ, ಕಣ್ಣಿಗೆ ಪೊರೆ ಬಂದರೂ ಬಿಡಲಿಲ್ಲ. ನನ್ನದು ಇನ್ನೂ ಮೂವತ್ತರ ಆಸುಪಾಸು.

ಹೋದ ವರ್ಷ ತೀರ್ಥಹಳ್ಳಿ ಕಡೆಯ ಹೋಂಸ್ಟೇಯವರೊಬ್ಬರು ಎರಡು ಒಯ್ದು ಏಳು ಸಾವಿರ ಕೊಟ್ಟರು. ಶುರುವಿಗೆ ಹಾಕಿದ ಹನ್ನೊಂದು ಸಾವಿರದಲ್ಲಿ ಅಷ್ಟು ಹುಟ್ಟಿತು. ಇನ್ನೆರಡು ಕೇಳಿದ್ದಾರೆ, ಆದರೆ ಶ್ರಾವಣದಲ್ಲಿ ಮುಗಿಸಿದ್ದಕ್ಕೆ ಶಿವರಾತ್ರಿಗೆ ಮುಂಚೆ ವಾರ್ನಿಶ್ ಹಾಕೋಲ್ಲ ಅಂತ ಹೇಳಿ ಕಳಿಸಿದ್ದೇನೆ. ಅಡ್ವಾನ್ಸ್ ತಗೊಂಡೆ.