ಚಳಿನಾಡಿನ ಗಾಜಿನಮನೆಯಲ್ಲಿ ಘಮಘಮಿಸುವ ಆರ್ಕಿಡ್

ಮಲೆನಾಡಿನವರಿಗೆ ಸೀತಾಳೆ ದಂಡೆ ಗೊತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಮರದಿಂದ ಜೋತಾಡುವ ಆ ಆರ್ಕಿಡ್ ಬಂದಳಿಕೆಯಲ್ಲ. ಮರದ ರಸ ಹೀರುವುದಿಲ್ಲ, ಕೂರಲು ಜಾಗ ಕೇಳುತ್ತದೆ ಅಷ್ಟೆ. ಬೇರು ಗಾಳಿಗೆ ಒಡ್ಡಿಕೊಂಡೇ ಇರುತ್ತದೆ. ಇಂಗ್ಲೆಂಡಿನ ಹಿತ್ತಲಿನ ಗಾಜಿನಮನೆಯಲ್ಲಿ ಇಂಥ ಗಿಡ ಬೆಳೆಸಲು ಹೊರಟವರು ಮರೆಯುವುದು ಇದನ್ನೇ. ಚಳಿಗೆ ಹೆದರಿ ಹೀಟರ್ ಹಾಕಿ, ಕಿಂಡಿಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಗಿಡ ಕೊಳೆಯುತ್ತದೆ.

ಇದು ಹಳೇ ತಪ್ಪು. 19ನೇ ಶತಮಾನದ ಆರಂಭದಲ್ಲಿ ಅಲ್ಲಿನ ಸಿರಿವಂತರು ಕಾಡಿನಿಂದ ತರಿಸಿದ ಆರ್ಕಿಡ್‌ಗಳನ್ನು ಸೆಕೆ ತುಂಬಿದ ಕೋಣೆಗಳಲ್ಲಿ ಕೂಡಿಹಾಕಿ ಸಾಯಿಸಿದರು. ಚಾಟ್ಸ್‌ವರ್ತ್ ಬಂಗಲೆಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಬಿಸಿ ತಗ್ಗಿಸಿ, ಗಾಳಿಗೆ ದಾರಿ ಮಾಡಿದರು. ಆಮೇಲೆ ಗಿಡಗಳು ಚಿಗುರಿದವು.

ಮೊದಲ ಗಿಡಕ್ಕೆ ಮಧ್ಯ ಅಮೆರಿಕದ ಬ್ರಾಸಾವೋಲಾ ನೋಡೋಸಾ ಒಳ್ಳೆಯದು. ಚಿಕ್ಕದು, ನಮ್ಮ ತಪ್ಪುಗಳನ್ನು ತಾಳಿಕೊಳ್ಳುತ್ತದೆ. ಜಾಗವೂ ತಾಳ್ಮೆಯೂ ಇದ್ದರೆ ಮಡಗಾಸ್ಕರ್‌ನ ಆಂಗ್ರೇಕಮ್ ಸೆಸ್ಕ್ವಿಪಿಡೇಲ್ ತನ್ನಿ. ನರ್ಸರಿಯಿಂದಲೇ ತನ್ನಿ. ಊರಿನ ಸೀತಾಳೆಯನ್ನು ಸೂಟ್‌ಕೇಸಿನಲ್ಲಿ ತರುವ ಆಸೆ ಬೇಡ. ಅನುಮತಿ ಪತ್ರವಿಲ್ಲದೆ ಆರ್ಕಿಡ್ ಗಡಿ ದಾಟುವಂತಿಲ್ಲ.

ಚಳಿಗಾಲಕ್ಕೆ ಮುಂಚೆ ಗಾಜಿನ ಒಳಮೈಗೆ ಬಬಲ್ ರ‍್ಯಾಪ್ ಅಂಟಿಸಿ, ಕರೆಂಟಿನ ಖರ್ಚು ಇಳಿಯುತ್ತದೆ. ಥರ್ಮೋಸ್ಟಾಟ್ ಇರುವ ಎಲೆಕ್ಟ್ರಿಕ್ ಫ್ಯಾನ್ ಹೀಟರ್ ಇಡಿ. ರಾತ್ರಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು, ಹಗಲು ಇಪ್ಪತ್ತರ ಮೇಲಿದ್ದರೆ ಸಾಕು. ಸೀಮೆಎಣ್ಣೆ ಹೀಟರ್ ಅಗ್ಗವೇ, ಆದರೆ ಸರಿಯಾಗಿ ಉರಿಯದಿದ್ದರೆ ಎಥಿಲೀನ್ ಅನಿಲ ಹೊರಬಂದು ಮೊಗ್ಗು ಉದುರುತ್ತವೆ.

ಹೀಟರ್ ಗಾಳಿಯನ್ನು ಒಣಗಿಸುತ್ತದೆ. ಅದಕ್ಕೆ, ನಮ್ಮಲ್ಲಿ ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸುತ್ತೇವಲ್ವಾ, ಹಾಗೆ ನೆಲ ಒದ್ದೆ ಮಾಡಿ. ಚಿಕ್ಕ ಫ್ಯಾನೊಂದು ಹಗಲೂ ರಾತ್ರಿ ತಿರುಗುತ್ತಿರಲಿ. ಬಿಸಿಲು ಬಂದ ದಿನ ಮೇಲಿನ ಕಿಂಡಿ ಸ್ವಲ್ಪ ತೆರೆಯಿರಿ. ಬೇಸಿಗೆಯಲ್ಲಂತೂ ನೆರಳು ಬಲೆ ಬೇಕೇ ಬೇಕು, ಗಾಜಿನೊಳಗೆ ಎಲೆ ಸುಡುತ್ತದೆ.

ಕುಂಡಕ್ಕೆ ಮಣ್ಣು ಹಾಕಬೇಡಿ. ದಪ್ಪ ಮರದ ತೊಗಟೆ ಚೂರುಗಳೇ ಸಾಕು. ನೀರು ಯಾವಾಗ ಅಂತ ಬೇರನ್ನೇ ಕೇಳಿ. ಬೇರಿನ ಸುತ್ತ ನೀರು ಹೀರುವ ಸ್ಪಂಜಿನಂಥ ಪದರವಿದೆ. ಒಣಗಿದಾಗ ಬೆಳ್ಳಿಯಂತೆ ಬಿಳಿ, ನೆನೆದಾಗ ಹಸಿರು. ಬಿಳಿಯಾದ ಮೇಲೆ, ಬೆಳಗಿನ ಹೊತ್ತು, ಮಳೆನೀರು ಧಾರಾಳವಾಗಿ ಸುರಿದು ಪೂರ್ತಿ ಬಸಿಯಲು ಬಿಡಿ. ನನ್ನ ಮೊದಲ ಆಂಗ್ರೇಕಮ್‌ಗೆ ದಿನಾ ಒಂದು ಲೋಟ ನೀರು ಹಾಕಿದೆ. ಪ್ರೀತಿ ಜಾಸ್ತಿಯಾಗಿ ಬೇರು ಕೊಳೆತಿತ್ತು. ಅದರ ಬೇರನ್ನು ಪದೇಪದೇ ಕೆದಕಲೂಬಾರದು, ಮುನಿಸಿಕೊಂಡು ವರ್ಷಗಟ್ಟಲೆ ಹೂ ಬಿಡುವುದಿಲ್ಲ. ಗೊಬ್ಬರ ಬೆಳೆಯುವ ಕಾಲದಲ್ಲಿ ಮಾತ್ರ, ಪ್ಯಾಕೆಟ್ ಮೇಲೆ ಹೇಳಿದ್ದರ ಕಾಲು ಭಾಗ.

ಹೂ ಬಿಟ್ಟಾಗ ಹಗಲು ಮೂಸಿ ನೋಡಿ, ವಾಸನೆಯೇ ಇಲ್ಲ ಅಂತ ನರ್ಸರಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಬ್ರಾಸಾವೋಲಾ, ಆಂಗ್ರೇಕಮ್ ಎರಡೂ ರಾತ್ರಿರಾಣಿಯ ಹಾಗೆ, ಕತ್ತಲಾದ ಮೇಲೆ ಘಮ್ಮೆನ್ನುತ್ತವೆ. ಕರೆಯುವುದು ಪತಂಗಗಳನ್ನು. ಆಂಗ್ರೇಕಮ್ ತನ್ನ ಮಕರಂದವನ್ನು ಸುಮಾರು 30 ಸೆಂಟಿಮೀಟರ್ ಉದ್ದದ ಕೊಳವೆಯ ತುದಿಯಲ್ಲಿ ಇಟ್ಟಿರುತ್ತದೆ. 1862ರಲ್ಲಿ ಅದನ್ನು ನೋಡಿದ ಡಾರ್ವಿನ್, ಅಷ್ಟುದ್ದ ನಾಲಗೆಯ ಪತಂಗ ಮಡಗಾಸ್ಕರ್‌ನಲ್ಲಿ ಇರಲೇಬೇಕು ಎಂದರು. 1903ರಲ್ಲಿ ಆ ಪತಂಗಕ್ಕೆ ಹೆಸರಿಟ್ಟಾಗ ಅವರು ತೀರಿಕೊಂಡು 21 ವರ್ಷವಾಗಿತ್ತು. ಇಂಗ್ಲೆಂಡಿನಲ್ಲಿ ಇದು ಅರಳುವುದು ಕೊರೆಯುವ ಚಳಿಗಾಲದಲ್ಲೇ. ಶಾಲು ಹೊದ್ದುಕೊಂಡು ಹೋಗಿ, ಒಳಗೆ ಹೋದ ಮೇಲೆ ಬಾಗಿಲು ಹಾಕಿಕೊಳ್ಳಿ.