ಲೆಟ್ಯೂಸ್‌ನ ಎಳೆ ಎಲೆ ಹಳದಿ: ಸರಿಹೋದದ್ದು ಹೀಗೆ

20 ಲೀಟರ್ ನೀರಿನ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲೇ ಬೆಳೆಸುವ) ತೊಟ್ಟಿ. ಹೊಸ ಎಲೆಗಳು ಮಾತ್ರ ಹಳದಿ, ನರಗಳು ಹಸಿರು. ಬೇರು ಬೆಳ್ಳಗಿತ್ತು, ಇಸಿ (ನೀರಿನಲ್ಲಿ ಕರಗಿದ ಲವಣಗಳ ಅಳತೆ, mS/cmನಲ್ಲಿ) 1.3.

ಪೋಷಕಾಂಶ ಹೆಚ್ಚಿಸಿ ಇಸಿ 1.8ಕ್ಕೆ ಒಯ್ದರೆ ಎಲೆಯಂಚು ಸುಟ್ಟಿತು, ಹಳದಿ ಹಾಗೇ ಉಳಿಯಿತು. ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಹಾಕಿದ್ದೂ ದಂಡ. ಮೆಗ್ನೀಸಿಯಂ ಕೊರತೆಯಾದರೆ ಮೊದಲು ಹಳದಿಯಾಗುವುದು ಹಳೆಯ ಎಲೆ. ಇಲ್ಲಿ ಕೊರತೆ ಕಬ್ಬಿಣದ್ದು, ಆದರೆ ಅದಕ್ಕೆಂದು ಹಾಕಿದ ಫೆರಸ್ ಸಲ್ಫೇಟ್ ತುಕ್ಕಿನ ಬಣ್ಣದ ಗಸಿಯಾಗಿ ತಳ ಸೇರಿತು. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.6 ಇರುವಾಗ ಅದು ಹಾಗೇ ಆಗಬೇಕು. ಆಮ್ಲ ಹಾಕಿ 5.8ಕ್ಕೆ ಇಳಿಸಿದರೆ ಎರಡೇ ದಿನದಲ್ಲಿ ಮತ್ತೆ ಏರುತ್ತಿತ್ತು. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್‌ನ ಕೆಲಸ ಇದು.

ಹಾಗಾಗಿ ಪೋಷಕಾಂಶಕ್ಕೆ ಮೊದಲು ನೀರನ್ನೇ ಸರಿಮಾಡಬೇಕು. ಗ್ಲೌಸ್ ಹಾಕಿಕೊಂಡು, ಬರೀ ನೀರಿಗೆ 10% ಫಾಸ್ಫಾರಿಕ್ ಆಮ್ಲವನ್ನು ಸಲಕ್ಕೆ 1 ಮಿಲಿಯಂತೆ ಕಲಕುತ್ತ ಸೇರಿಸಿ ಪಿಎಚ್ 5.5ಕ್ಕೆ ತನ್ನಿ. ಏರ್ ಸ್ಟೋನ್ (ನೀರಿಗೆ ಗಾಳಿಗುಳ್ಳೆ ಬಿಡುವ ಕಲ್ಲು) ಓಡಿಸಿ 12 ಗಂಟೆ ಬಿಡಿ. ಬೈಕಾರ್ಬನೇಟ್ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಪಿಎಚ್ ಏರಿರುತ್ತದೆ, ಮತ್ತೆ 5.5ಕ್ಕೆ ಇಳಿಸಿ. ಏರುವುದು ನಿಂತ ಮೇಲೆ ಎ, ಬಿ ಎಂಬ ಎರಡು ಗಾಢ ಪೋಷಕಾಂಶ ದ್ರಾವಣಗಳಲ್ಲಿ ಮೊದಲು ಎ ಹಾಕಿ, ಪೂರ್ತಿ ಕಲಕಿ, ಆಮೇಲೆ ಬಿ. ನೀರು ಬೆರೆಸದೆ ಎರಡನ್ನೂ ಒಟ್ಟು ಮಾಡಿದರೆ ಕ್ಯಾಲ್ಸಿಯಂ ಗಸಿಯಾಗುತ್ತದೆ.

ಕೊನೆಗೆ 11% ಕಬ್ಬಿಣವಿರುವ ಡಿಟಿಪಿಎ ಚೀಲೇಟ್ (ಕಬ್ಬಿಣ ಗಸಿಯಾಗದಂತೆ ಹಿಡಿದಿಡುವ ಸಂಯುಕ್ತ) 0.36 ಗ್ರಾಂ, ಅಂದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಕಬ್ಬಿಣ. ಇಡಿಟಿಎ ಚೀಲೇಟ್ ಬೇಡ, ಪಿಎಚ್ 6.5 ದಾಟಿದರೆ ಅದರ ಹಿಡಿತ ಸಡಿಲ. ಡಿಟಿಪಿಎ 7ರವರೆಗೂ ತಾಳುತ್ತದೆ. ಅಂತಿಮ ಪಿಎಚ್ 5.8ರಿಂದ 6.2. ಪಿಎಚ್ ಮೀಟರನ್ನು 7 ಮತ್ತು 4ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಮೊದಲೇ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಇಷ್ಟೂ ಲೆಕ್ಕ ಸುಳ್ಳು.

ತೀರಾ ಹಳದಿಯಾದ ಎಲೆ ಹಸಿರಾಗದೆ ಇರಬಹುದು. ಮುಂದೆ ಮೂಡುವ ಎಲೆ ನೋಡಿ.