ಲಾಗ್ ಇರುವ ಕ್ಯಾಲ್ಕುಲಸ್ ಲೆಕ್ಕ: ಪಿಯು ಮಕ್ಕಳಿಗೆ ಹೇಳಿಕೊಡುವುದು ಹೇಗೆ?

ಸೆಕೆಂಡ್ ಪಿಯುಸಿ ಗಣಿತದಲ್ಲಿ ಡಿಫರೆನ್ಸಿಯೇಷನ್ (ಒಂದು ಬದಲಾದಾಗ ಇನ್ನೊಂದು ಎಷ್ಟು ದರದಲ್ಲಿ ಬದಲಾಗುತ್ತದೆ ಎಂದು ಹುಡುಕುವ ಲೆಕ್ಕ) ಶುರುವಾದ ಸ್ವಲ್ಪ ದಿನಕ್ಕೇ ಲಾಗ್ ಬರುತ್ತದೆ. ಆಗ ಮಕ್ಕಳು 'ಕ್ಯಾಲ್ಕುಲಸ್ ಅರ್ಥ ಆಗ್ತಿಲ್ಲ' ಎನ್ನುತ್ತಾರೆ. ಪಕ್ಕದಲ್ಲಿ ಕೂತು ನೋಡಿ. ಡಿಫರೆನ್ಸಿಯೇಷನ್ ಸೂತ್ರಗಳೆಲ್ಲ ಬಾಯಿಪಾಠ ಆಗಿರುತ್ತವೆ. ಎಡವುವುದು ಲಾಗ್‌ನಲ್ಲಿ. ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ಲಾಗ್ ಎಂದರೆ ಏನೆಂದು ಕೂತು ಕಲಿತಿರುವುದೇ ಇಲ್ಲ. ಪಿಯುಗೆ ಬಂದ ಮೇಲೆ ಕೆಮಿಸ್ಟ್ರಿಯಲ್ಲಿ ಲಾಗ್ ಟೇಬಲ್ ಕೈಗೆ ಬರುತ್ತದೆ, ಅದರಲ್ಲಿ ಸಂಖ್ಯೆ ಹುಡುಕುವುದನ್ನು ಕಲಿಯುತ್ತಾರೆ, ಅಷ್ಟೇ. ಹಾಗಾಗಿ ಹೇಳಿಕೊಡುವವರು ಅಕ್ಕನೋ ಅಪ್ಪನೋ ಟ್ಯೂಷನ್ ಮೇಷ್ಟ್ರೋ ಯಾರೇ ಆಗಲಿ, ಲಾಗ್‌ನಿಂದಲೇ ಶುರು ಮಾಡುವುದು ಒಳ್ಳೆಯದು.

ಮೊದಲು ಪವರ್, ಆಮೇಲೆ ಲಾಗ್

'2ಕ್ಕೆ ಎಷ್ಟು ಪವರ್ ಹಾಕಿದರೆ 8 ಬರುತ್ತದೆ?' ಎಂದು ಕೇಳಿ. 3 ಎನ್ನುತ್ತಾರೆ. ಬೇಸ್ 2 ಇರುವಾಗ 8ರ ಲಾಗ್ ಎಂದರೆ ಆ 3. ಬೇಸ್ 10 ಇಟ್ಟುಕೊಂಡು ಇದೇ ಪ್ರಶ್ನೆ ಮುಂದುವರಿಸಿ. 1000ದ ಲಾಗ್ ಎಷ್ಟು? 3. ಒಂದರದ್ದು? ಸೊನ್ನೆ. 0.01ರದ್ದು? ಮೈನಸ್ 2. ಸೊನ್ನೆಯ ಲಾಗ್? ಇಲ್ಲಿ ಮಕ್ಕಳು ನಿಲ್ಲುತ್ತಾರೆ. ನಿಲ್ಲಲಿ, ಉತ್ತರ ಹೇಳಬೇಡಿ. ಎಷ್ಟು ಪವರ್ ಹಾಕಿದರೂ 10 ಸೊನ್ನೆ ಆಗುವುದಿಲ್ಲ ಎಂಬುದು ಅವರಿಗೇ ಹೊಳೆಯಬೇಕು.

ಈಗ 10² × 10³ ಎಷ್ಟು ಕೇಳಿ. ಪವರ್‌ಗಳು ಕೂಡುತ್ತವೆ, 10⁵. ಹಾಗಾದರೆ ಗುಣಲಬ್ಧದ ಲಾಗ್ ಎಂದರೆ ಲಾಗ್‌ಗಳ ಮೊತ್ತ. ಸ್ಕಾಟ್ಲೆಂಡ್‌ನ ಜಾನ್ ನೇಪಿಯರ್ 1614ರಲ್ಲಿ ಲಾಗ್ ಕೋಷ್ಟಕ ಪ್ರಕಟಿಸಿದ್ದೇ ದೊಡ್ಡ ದೊಡ್ಡ ಗುಣಾಕಾರಗಳನ್ನು ಕೂಡುವ ಲೆಕ್ಕಕ್ಕೆ ಇಳಿಸಲು.

ಇದಾದ ಕೂಡಲೇ ಮಕ್ಕಳು ಮಾಡುವ ತಪ್ಪೊಂದಿದೆ. ಲಾಗ್ (ಎ + ಬಿ) = ಲಾಗ್ ಎ + ಲಾಗ್ ಬಿ ಎಂದು ಬರೆದುಬಿಡುತ್ತಾರೆ. ಸುಮ್ನೆ 'ತಪ್ಪು' ಅಂದರೆ ಮರುದಿನ ಮತ್ತೆ ಅದನ್ನೇ ಬರೆಯುತ್ತಾರೆ. ಎ, ಬಿ ಎರಡನ್ನೂ 10 ಮಾಡಿ ನೋಡಲು ಹೇಳಿ. ಎಡಗಡೆ ಲಾಗ್ 20, ಅಂದರೆ 1.3010. ಬಲಗಡೆ 2, ಅದು 100ರ ಲಾಗ್. ಸಂಖ್ಯೆ ಹಾಕಿ ಪರೀಕ್ಷಿಸುವ ಈ ಅಭ್ಯಾಸ ಮುಂದೆ ಎಲ್ಲ ಕಡೆಗೂ ಬೇಕು.

ಒಂದೇ ಬ್ಯಾಗ್‌ನಲ್ಲಿ ಎರಡು ಲಾಗ್

ಇದನ್ನು ಯಾರಾದರೂ ಬಿಡಿಸಿ ಹೇಳದಿದ್ದರೆ ಮಕ್ಕಳು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಕೆಮಿಸ್ಟ್ರಿ ಪುಸ್ತಕದಲ್ಲಿ ಲಾಗ್ ಎಂದರೆ ಬೇಸ್ 10. ಗಣಿತದ ಕ್ಯಾಲ್ಕುಲಸ್ ಪಾಠದಲ್ಲಿ ಲಾಗ್ ಎಂದರೆ ಬೇಸ್ 'ಇ', ಸುಮಾರು 2.718. ಬರೆಯುವುದು ಎರಡನ್ನೂ ಒಂದೇ ಥರ. ಇವೆರಡರ ನಡುವಿನ ಸೇತುವೆ 2.303. ಬೇಸ್ 10ರ ಲಾಗ್ ಅನ್ನು 2.303ರಿಂದ ಗುಣಿಸಿದರೆ ಬೇಸ್ 'ಇ' ಲಾಗ್ ಸಿಗುತ್ತದೆ.

ಕೆಮಿಸ್ಟ್ರಿಯಲ್ಲಿ ಫಸ್ಟ್ ಆರ್ಡರ್ ರಿಯಾಕ್ಷನ್ ಸೂತ್ರದಲ್ಲಿ ಕಾಣುವ 2.303 ಇದೇ. ಹಾಫ್ ಲೈಫ್ ಸೂತ್ರದ 0.693 ಎಲ್ಲಿಂದ ಬಂತು ಎಂದು ಕೇಳಿ ನೋಡಿ. 2ರ ಲಾಗ್ 0.3010. ಅದನ್ನು 2.303ರಿಂದ ಗುಣಿಸಿದರೆ ಬರುವುದು 0.693. ಎರಡು ವಿಷಯಗಳಲ್ಲಿ ಬೇರೆ ಬೇರೆಯಾಗಿ ಉರು ಹೊಡೆದದ್ದು ಒಂದೇ ಎಂದು ಗೊತ್ತಾದಾಗ ಮಕ್ಕಳಿಗೆ ಆಗುವ ಖುಷಿಯೇ ಬೇರೆ.

1/ಎಕ್ಸ್ ಅನ್ನು ಟೇಬಲ್‌ನಲ್ಲೇ ತೋರಿಸಿ

ಲಾಗ್ ಎಕ್ಸ್‌ನ ಡೆರಿವೇಟಿವ್, ಅಂದರೆ ಅದು ಬದಲಾಗುವ ದರ, 1/ಎಕ್ಸ್ ಎಂದು ಎಲ್ಲರಿಗೂ ಬಾಯಿಪಾಠ. ನಂಬಿಕೆ ಬರಬೇಕಾದರೆ ಲಾಗ್ ಟೇಬಲ್ ತೆರೆಯಿರಿ. 2ರ ಲಾಗ್ 0.3010, 2.1ರ ಲಾಗ್ 0.3222. ವ್ಯತ್ಯಾಸ 0.0212. ಎಕ್ಸ್ ಹೆಚ್ಚಿದ್ದು 0.1, ಆದ್ದರಿಂದ ಭಾಗಿಸಿದರೆ 0.212. ಬೇಸ್ ಬದಲಿಸಲು 2.303ರಿಂದ ಗುಣಿಸಿ: 0.488. ಅರ್ಧಕ್ಕೆ ಹತ್ತಿರ ಬಂತು, ಅಲ್ವಾ? ಈಗ 4 ಮತ್ತು 4.1: 0.6021, 0.6128. ಇದೇ ಲೆಕ್ಕ ಮಾಡಿದರೆ 0.246, ಕಾಲಿಗೆ ಹತ್ತಿರ. 5ಕ್ಕೆ 0.198 ಬರುತ್ತದೆ, ಅದು 1/5ರ ಪಕ್ಕದಲ್ಲೇ ಇದೆ. 0.1ರ ಬದಲು ಇನ್ನೂ ಚಿಕ್ಕ ಹೆಜ್ಜೆ ಇಟ್ಟರೆ ಇನ್ನೂ ಹತ್ತಿರ ಹೋಗುತ್ತೇವೆ. ಲಿಮಿಟ್ ಎಂದರೆ ಏನೆಂದು ಬೇರೆಯಾಗಿ ಭಾಷಣ ಮಾಡಬೇಕಿಲ್ಲ.

ಡಿಫರೆನ್ಸಿಯೇಟ್ ಮಾಡುವ ಮೊದಲು ಬಿಡಿಸಿ

ಲಾಗ್ (3 ಎಕ್ಸ್) ಕೊಟ್ಟರೆ ತುಂಬಾ ಮಕ್ಕಳು 1/(3 ಎಕ್ಸ್) ಎಂದು ಬರೆಯುತ್ತಾರೆ. ಮೊದಲು ಲಾಗ್ 3 + ಲಾಗ್ ಎಕ್ಸ್ ಎಂದು ಬಿಡಿಸಿದರೆ ಲಾಗ್ 3 ಸ್ಥಿರಸಂಖ್ಯೆ, ಅದರ ಡೆರಿವೇಟಿವ್ ಸೊನ್ನೆ. ಉಳಿಯುವುದು 1/ಎಕ್ಸ್. ಲಾಗ್ (ಎಕ್ಸ್²) ಎಂದರೆ 2 ಲಾಗ್ ಎಕ್ಸ್, ಉತ್ತರ 2/ಎಕ್ಸ್. ಲಾಗ್ (ಎಕ್ಸ್² + 1) ಮಾತ್ರ ಬಿಡಿಸಲು ಬರುವುದಿಲ್ಲ. ಅಲ್ಲಿ ಚೈನ್ ರೂಲ್ ಬೇಕು, ಅಂದರೆ ಬ್ರಾಕೆಟ್ ಒಳಗಿನದರ ಡೆರಿವೇಟಿವ್‌ನಿಂದಲೂ ಗುಣಿಸಬೇಕು: 2 ಎಕ್ಸ್/(ಎಕ್ಸ್² + 1).

ಎಕ್ಸ್‌ನ ಪವರ್ ಎಕ್ಸ್

ಪರೀಕ್ಷೆಯ ಅಚ್ಚುಮೆಚ್ಚಿನ ಲೆಕ್ಕ ಇದು. ಬೇಸ್ ಕೂಡ ಎಕ್ಸ್, ಪವರ್ ಕೂಡ ಎಕ್ಸ್. ಇದಕ್ಕೆ ಎರಡು ತಪ್ಪು ದಾರಿಗಳಿವೆ. ಎರಡನ್ನೂ ಮಕ್ಕಳ ಕೈಯಲ್ಲೇ ಬರೆಸಿ, ತಡೆಯಬೇಡಿ. ಪವರ್ ಸ್ಥಿರ ಅಂದುಕೊಂಡರೆ ಬರುವ ಉತ್ತರ ಎಕ್ಸ್‌ನ ಪವರ್ ಎಕ್ಸ್. ಬೇಸ್ ಸ್ಥಿರ ಅಂದುಕೊಂಡರೆ ಬರುವುದು ಅದನ್ನೇ ಲಾಗ್ ಎಕ್ಸ್‌ನಿಂದ ಗುಣಿಸಿದ ಉತ್ತರ.

ಈಗ ಸರಿಯಾದ ದಾರಿ. ಈ ಎಕ್ಸ್‌ನ ಪವರ್ ಎಕ್ಸ್ ಅನ್ನು ವೈ ಎಂದು ಕರೆಯಿರಿ. ಎರಡೂ ಕಡೆ ಲಾಗ್ ತೆಗೆದುಕೊಳ್ಳಿ: ಲಾಗ್ ವೈ = ಎಕ್ಸ್ × ಲಾಗ್ ಎಕ್ಸ್. ಡಿಫರೆನ್ಸಿಯೇಟ್ ಮಾಡಿದರೆ ಎಡಗಡೆ (1/ವೈ) × ಡಿವೈ/ಡಿಎಕ್ಸ್, ಬಲಗಡೆ ಪ್ರಾಡಕ್ಟ್ ರೂಲ್‌ನಿಂದ 1 + ಲಾಗ್ ಎಕ್ಸ್. ವೈ ಅನ್ನು ಆಚೆ ಕಡೆ ಒಯ್ದರೆ ಉತ್ತರ ವೈ × (1 + ಲಾಗ್ ಎಕ್ಸ್).

ಆ ಎರಡು ತಪ್ಪು ಉತ್ತರಗಳನ್ನು ಕೂಡಿಸಲು ಹೇಳಿ. ಸರಿ ಉತ್ತರವೇ ಬರುತ್ತದೆ! ಬೇಸ್ ಬದಲಾಗುವುದರಿಂದ ಬರುವ ಪಾಲು ಒಂದು, ಪವರ್ ಬದಲಾಗುವುದರಿಂದ ಬರುವ ಪಾಲು ಇನ್ನೊಂದು. ಒಂದೊಂದು ದಾರಿಯೂ ಒಂದು ಪಾಲನ್ನು ಮರೆತಿತ್ತು, ಅಷ್ಟೇ. ನನ್ನ ಪ್ರಕಾರ ಇಡೀ ಅಧ್ಯಾಯದಲ್ಲಿ ಇದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ. ಇಲ್ಲಿ ಸಮಯ ಜಾಸ್ತಿ ಕೊಡಿ.

ಪರೀಕ್ಷಿಸಲು ಎಕ್ಸ್ = 2 ಹಾಕಿ. ಉತ್ತರ 4 × 1.693, ಸುಮಾರು 6.77. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 2.01ರ ಪವರ್ 2.01 ನೋಡಿ, 4.068 ಬರುತ್ತದೆ. ಅದರಿಂದ 4 ಕಳೆದು 0.01ರಿಂದ ಭಾಗಿಸಿದರೆ 6.8ರ ಆಸುಪಾಸು.

ಮುಂದಿನ ಲೆಕ್ಕವಾಗಿ ಎಕ್ಸ್‌ನ ಪವರ್ ಎಕ್ಸ್ + 2ರ ಪವರ್ ಎಕ್ಸ್ ಕೊಡಿ. ಮಗು ನೇರವಾಗಿ ಎರಡೂ ಕಡೆ ಲಾಗ್ ಹಾಕಲು ಹೊರಟರೆ 10 + 10ರ ಪರೀಕ್ಷೆ ನೆನಪಿಸಿ. ಮೊದಲ ಭಾಗಕ್ಕೆ ಯು, ಎರಡನೆಯದಕ್ಕೆ ವಿ ಎಂದು ಹೆಸರಿಟ್ಟು, ಬೇರೆ ಬೇರೆಯಾಗಿ ಡಿಫರೆನ್ಸಿಯೇಟ್ ಮಾಡಿ ಕೊನೆಗೆ ಕೂಡಿಸಬೇಕು. ಎರಡನೆಯ ಭಾಗದಲ್ಲಿ ಬೇಸ್ ನಿಜವಾಗಿಯೂ ಸ್ಥಿರ. ಹಾಗಾಗಿ ಅಲ್ಲಿ ಬರುವುದು ಒಂದೇ ಪಾಲು: 2ರ ಪವರ್ ಎಕ್ಸ್ × ಲಾಗ್ 2.